ಪ್ಲೇಟಿಂಗ್ ಘಟಕದ ಅಪಾಯಕಾರಿ ತ್ಯಾಜ್ಯ ಆಥರೈಸೇಶನ್ ನವೀಕರಣ: ಅರ್ಜಿಗಿಂತ ಮೊದಲು ಲೆಕ್ಕ ನೋಡಿ

ಪೀಣ್ಯದಲ್ಲಿ ಸತು ಮತ್ತು ಕ್ರೋಮ್ ಪ್ಲೇಟಿಂಗ್ ಮಾಡುವ ಸಣ್ಣ ಘಟಕ ನಿಮ್ಮದು. ಸ್ಲಡ್ಜ್ (ಕೆಸರಿನಂಥ ತ್ಯಾಜ್ಯ), ಹಳೆ ಆಯಿಲ್, ಕೆಮಿಕಲ್ ಬಂದ ಖಾಲಿ ಡ್ರಮ್ ಇಟ್ಟುಕೊಳ್ಳಲು ಪಡೆದ ಆಥರೈಸೇಶನ್, ಅಂದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಇನ್ನು ಐದು ತಿಂಗಳಿಗೆ ಮುಗಿಯುತ್ತದೆ, ಆನ್‌ಲೈನ್ ಅರ್ಜಿ ಹಾಕಿದರೆ ಸಾಕೇ, ಏಜೆಂಟ್ ಹಿಡಿಯಬೇಕೇ ಅಂತ ಕೇಳಿದ್ದೀರಿ. ಏಜೆಂಟ್ ಬೇಕಿಲ್ಲ. ಅರ್ಜಿ ತುಂಬುವುದು ಅರ್ಧ ದಿನದ ಕೆಲಸ. ಐದು ವರ್ಷದ ಲೆಕ್ಕ ಒಂದಕ್ಕೊಂದು ತಾಳೆಯಾಗುವಂತೆ ಮಾಡುವುದೇ ದೊಡ್ಡ ಕೆಲಸ. ಅದನ್ನು ಯಾವ ಏಜೆಂಟೂ ಮಾಡಿಕೊಡಲಾರ, ಯಾಕೆಂದರೆ ಆ ಲೆಕ್ಕ ಇರುವುದು ನಿಮ್ಮ ಶೆಡ್ಡಿನಲ್ಲಿ.

ಮೊದಲು ದಿನಾಂಕ. ಅಪಾಯಕಾರಿ ತ್ಯಾಜ್ಯದ 2016ರ ನಿಯಮಗಳ ಪ್ರಕಾರ ಆಥರೈಸೇಶನ್ ಐದು ವರ್ಷಕ್ಕೆ ಕೊಡುತ್ತಾರೆ. ಪೂರ್ಣ ಅರ್ಜಿ ಕೈಗೆ ಬಂದ ಮೇಲೆ ತೀರ್ಮಾನಿಸಲು ಮಾಲಿನ್ಯ ನಿಯಂತ್ರಣ ಮಂಡಳಿಗೆ 120 ದಿನ ಇದೆ. ಹಾಗಾಗಿ ನಿಮಗೆ ಉಳಿದಿರುವುದು ಐದು ತಿಂಗಳಲ್ಲ, ಒಂದೇ ತಿಂಗಳು. ‘ಪೂರ್ಣ’ ಅನ್ನುವ ಪದ ಇಲ್ಲಿ ಮುಖ್ಯ. ಒಂದು ದಾಖಲೆ ಕಡಿಮೆಯಿದ್ದು ಅರ್ಜಿ ವಾಪಸ್ ಬಂದರೆ ನಡುವಿನ ದಿನಗಳೆಲ್ಲ ಹೋದ ಹಾಗೇ.

ಈಗ ಲೆಕ್ಕ. ಮೂರು ಕಾಗದಗಳು ಒಂದೇ ಮಾತು ಹೇಳಬೇಕು: ನೀವು ದಿನವೂ ಬರೆಯುವ ಫಾರ್ಮ್ 3 ರಿಜಿಸ್ಟರ್, ತ್ಯಾಜ್ಯದ ಮಾಲು ಕಳಿಸುವಾಗ ಮಾಡುವ ಫಾರ್ಮ್ 10 ಮ್ಯಾನಿಫೆಸ್ಟ್ (ಸಾಗಣೆ ಚೀಟಿ), ಪ್ರತಿವರ್ಷ ಜೂನ್ 30ರೊಳಗೆ ಸಲ್ಲಿಸುವ ಫಾರ್ಮ್ 4 ವಾರ್ಷಿಕ ವರದಿ. ಉದಾಹರಣೆಗೆ, ಏಪ್ರಿಲ್ 1ಕ್ಕೆ 400 ಕೆಜಿ ಸ್ಲಡ್ಜ್ ಇತ್ತು, ವರ್ಷದಲ್ಲಿ 3,100 ಕೆಜಿ ಬಂತು, 2,900 ಕೆಜಿ ಕಳಿಸಿದಿರಿ ಅಂದುಕೊಳ್ಳಿ. ಮಾರ್ಚ್ 31ಕ್ಕೆ 600 ಕೆಜಿ ಉಳಿಯಬೇಕು, ಮುಂದಿನ ವರ್ಷದ ಆರಂಭದ ಅಂಕಿಯೂ ಅದೇ 600 ಆಗಿರಬೇಕು. ಬಹಳ ಘಟಕಗಳಲ್ಲಿ ಆರಂಭದ ಅಂಕಿ ಪ್ರತಿವರ್ಷ ಸೊನ್ನೆಯಿಂದ ಶುರುವಾಗುತ್ತದೆ. ಹಿಂದಿನ ವರ್ಷ ಉಳಿದ ಮಾಲು ಎಲ್ಲಿ ಹೋಯಿತು ಎಂಬ ಪ್ರಶ್ನೆ ಅಲ್ಲೇ ಏಳುತ್ತದೆ.

ಸ್ಲಡ್ಜ್ ವಿಷಯದಲ್ಲಿ ಇನ್ನೊಂದು ತೊಡಕು ತೇವ. ಸ್ಲಡ್ಜ್ ಹಿಂಡುವ ಫಿಲ್ಟರ್ ಪ್ರೆಸ್ ಯಂತ್ರದಿಂದ ಬಿದ್ದ ಕೇಕ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಹಸಿ ತೂಕವನ್ನು ರಿಜಿಸ್ಟರಿಗೆ ಬರೆದು, ಎರಡು ತಿಂಗಳು ಒಣಗಿದ ಮೇಲೆ ವೇಬ್ರಿಡ್ಜ್ ತೂಕದಲ್ಲಿ ಕಳಿಸಿದರೆ ನೂರಾರು ಕೆಜಿ ಕಾಣೆಯಾದಂತೆ ತೋರುತ್ತದೆ. ಯಾರೂ ಕದ್ದು ಸುರಿದಿಲ್ಲ, ಆದರೆ ಕಾಗದ ಹಾಗೆ ಹೇಳುತ್ತದೆ. ಒಣಗಿಸಿ, ಚೀಲ ಕಟ್ಟಿ, ಆಮೇಲೆ ತೂಗಿ ಬರೆಯುವ ಪದ್ಧತಿ ಇಟ್ಟುಕೊಳ್ಳಿ. ಹಳೆಯ ವರ್ಷಗಳ ವ್ಯತ್ಯಾಸಕ್ಕೆ ಅಂಕಿ ತಿದ್ದಬೇಡಿ. ವೇಬ್ರಿಡ್ಜ್ ಚೀಟಿಗಳನ್ನು ಲಗತ್ತಿಸಿ, ತೇವದ ಕಾರಣವನ್ನು ಒಂದು ಪುಟದಲ್ಲಿ ವಿವರಿಸಿ. ತಿದ್ದಿದ ರಿಜಿಸ್ಟರ್ ನೋಡಿದ ಕಣ್ಣಿಗೆ ಗೊತ್ತಾಗುತ್ತದೆ.

ಮ್ಯಾನಿಫೆಸ್ಟ್‌ಗೆ ಏಳು ಪ್ರತಿ, ಏಳು ಬಣ್ಣ. ಸಾಗಣೆದಾರನ ಸಹಿ ಹಾಕಿಸಿಕೊಂಡು ನೀವು ಇಟ್ಟುಕೊಳ್ಳುವುದು ಹಳದಿ ಪ್ರತಿ. ಮಾಲು ತಲುಪಿತು ಅಂತ ಅದನ್ನು ಪಡೆದವರು ನಿಮಗೆ ವಾಪಸ್ ಕಳಿಸುವುದು ನೀಲಿ ಪ್ರತಿ. ಹಳದಿ ಎಲ್ಲರ ಬಳಿಯೂ ಇರುತ್ತದೆ, ನೀಲಿ ಇರುವುದಿಲ್ಲ. ನೀಲಿ ಇಲ್ಲದಿದ್ದರೆ ನಿಮ್ಮ ಮಾಲು ಗೇಟು ದಾಟಿದ್ದಕ್ಕೆ ಮಾತ್ರ ಸಾಕ್ಷಿ, ದಾಬಸ್‌ಪೇಟೆಯ ವಿಲೇವಾರಿ ಘಟಕ ಮುಟ್ಟಿದ್ದಕ್ಕಲ್ಲ. ಈ ವಾರವೇ ಕಡತ ತೆಗೆದು, ಇಲ್ಲದಿರುವ ನೀಲಿ ಪ್ರತಿಗಳ ಪಟ್ಟಿ ಮಾಡಿ, ಪಡೆದವರಿಂದ ದೃಢೀಕರಿಸಿದ ನಕಲು ಕೇಳಿ. ಇದಕ್ಕೆ ಹೆಚ್ಚು ದಿನ ಹಿಡಿಯುತ್ತದೆ, ಅದಕ್ಕೇ ಈ ವಾರವೇ ಅಂದದ್ದು.

ನಿಯಮಗಳಲ್ಲಿ ತ್ಯಾಜ್ಯದ ಪ್ರತಿ ಬಗೆಗೆ ಕೊಟ್ಟಿರುವ ವರ್ಗ ಸಂಖ್ಯೆಗಳನ್ನೂ ನೋಡಿ. ಪ್ಲೇಟಿಂಗ್ ಸ್ಲಡ್ಜ್ 12.8, ಇಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಸ್ಲಡ್ಜ್ 35.3, ಖರ್ಚಾದ ಆಮ್ಲ–ಕ್ಷಾರ 12.2, ಹಳೆ ಆಯಿಲ್ 5.1, ಕೆಮಿಕಲ್ ಅಂಟಿದ ಖಾಲಿ ಡ್ರಮ್ 33.1. ಹಳೆಯ ಆಥರೈಸೇಶನ್ ಆದೇಶದಲ್ಲಿ 33.1 ಇಲ್ಲದೆ ಡ್ರಮ್ ಮಾತ್ರ ಶೆಡ್ ತುಂಬ ಇದ್ದರೆ ನವೀಕರಣದ ಜೊತೆಗೇ ಸೇರಿಸಲು ಕೇಳಿ. ಪ್ರಮಾಣ ಹೆಚ್ಚಿಸಬೇಕಿದ್ದರೂ ಈಗಲೇ ಕೇಳಿ, ಆದರೆ ಸಿಎಫ್‌ಒದಲ್ಲಿರುವ (ಘಟಕ ನಡೆಸಲು ಮಂಡಳಿ ಕೊಡುವ ಸಮ್ಮತಿಪತ್ರ) ಉತ್ಪಾದನಾ ಸಾಮರ್ಥ್ಯಕ್ಕೆ ಅದು ಹೊಂದಬೇಕು.

ಡ್ರಮ್ ಬಗ್ಗೆ ಒತ್ತಿ ಹೇಳುತ್ತೇನೆ. ಅವನ್ನು ಗುಜರಿಯವರಿಗೆ ಮಾರಬೇಡಿ. ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಮುಂದೆ ನೀರು ತುಂಬಿಡುವ ನೀಲಿ ಡ್ರಮ್ಮುಗಳು ಎಲ್ಲಿಂದ ಬಂದವು ಎಂದು ಯೋಚಿಸಿ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಕ್ರೋಮಿಕ್ ಆಮ್ಲದ ತಳ ಉಳಿದ ಒಂದು ಡ್ರಮ್ ಆ ಮಿತಿಯನ್ನು ಎಷ್ಟೋ ಪಟ್ಟು ದಾಟಿಸುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಈಗಾಗಲೇ ಕ್ರೋಮಿಯಂ ಇದೆ. ಡ್ರಮ್ಮನ್ನು ಆಥರೈಸೇಶನ್ ಇರುವ ಮರುಬಳಕೆದಾರರಿಗೇ ಮ್ಯಾನಿಫೆಸ್ಟ್ ಜೊತೆ ಕೊಡಿ. ಹಳೆ ಆಯಿಲ್‌ಗೂ ಇದೇ ಮಾತು.

ದಾಸ್ತಾನು ಕೋಣೆಯನ್ನು ಅಧಿಕಾರಿ ನೋಡಿಯೇ ನೋಡುತ್ತಾರೆ. ಚಾವಣಿ ಸೋರಬಾರದು. ಬರಿ ಸಿಮೆಂಟ್ ನೆಲವನ್ನು ಆಮ್ಲ ತಿನ್ನುತ್ತದೆ, ಆಮ್ಲನಿರೋಧಕ ಟೈಲ್ಸ್ ಅಥವಾ ಎಪಾಕ್ಸಿ ಹಾಕಿಸಿ. ಬಾಗಿಲಿಗೆ ಅಡ್ಡ ಕಟ್ಟೆ ಬೇಕು: 3 ಮೀಟರ್‌ಗೆ 2 ಮೀಟರ್ ಕೋಣೆಗೆ 10 ಸೆಂಟಿಮೀಟರ್ ಎತ್ತರದ ಕಟ್ಟೆ ಅಂದರೆ 600 ಲೀಟರ್ ತಡೆ, 200 ಲೀಟರಿನ ಡ್ರಮ್ ಒಡೆದರೂ ಹೊರಗೆ ಹರಿಯದು. ನೆಲದ ಇಳಿಜಾರು ಒಂದು ಮುಚ್ಚಿದ ಗುಂಡಿಗೆ ಹೋಗಬೇಕು, ಆ ಗುಂಡಿಗೆ ಚರಂಡಿಯ ಸಂಪರ್ಕ ಇರಲೇಬಾರದು. ಸೈನೈಡ್ ಬಾತ್ (ಸೈನೈಡ್ ಇರುವ ಪ್ಲೇಟಿಂಗ್ ದ್ರಾವಣದ ತೊಟ್ಟಿ) ಇದ್ದರೆ ಅದರ ಸ್ಲಡ್ಜ್ ಆಮ್ಲದ ಹತ್ತಿರ ಸುಳಿಯಬಾರದು, ಎರಡೂ ಸೇರಿದರೆ ಬರುವುದು ಪ್ರಾಣ ತೆಗೆಯುವ ಹೈಡ್ರೋಜನ್ ಸೈನೈಡ್ ಅನಿಲ. ಕ್ರೋಮಿಕ್ ಆಮ್ಲದ ಪಕ್ಕ ಎಣ್ಣೆ ಬಟ್ಟೆ ಇಟ್ಟರೆ ಬೆಂಕಿ ಹೊತ್ತಿಕೊಳ್ಳಬಹುದು. ಪ್ರತಿ ಡ್ರಮ್, ಚೀಲಕ್ಕೆ ಫಾರ್ಮ್ 8ರ ಹಳದಿ ಚೀಟಿ, ಕೆಂಪು ಅಕ್ಷರ, ಕನ್ನಡ–ಹಿಂದಿ–ಇಂಗ್ಲಿಷ್ ಮೂರೂ. ಶೇಖರಣೆ ಶುರುವಾದ ತಾರೀಖು ಅದರಲ್ಲಿ ಇರಲೇಬೇಕು, ತ್ಯಾಜ್ಯ ಇಟ್ಟುಕೊಳ್ಳಲು ಇರುವ 90 ದಿನದ ಮಿತಿ ಎಣಿಸುವುದು ಅಲ್ಲಿಂದಲೇ.

ಆ 90 ದಿನ ಸಣ್ಣ ಘಟಕಗಳಿಗೆ ಕಷ್ಟ, ನಿಜ. ಅರ್ಧ ಟನ್ ಮಾಲಿಗೆ ಲಾರಿ ಕರೆಸಿದರೆ ಬಾಡಿಗೆ ಗಿಟ್ಟುವುದಿಲ್ಲ. ವರ್ಷಕ್ಕೆ 10 ಟನ್ ಒಳಗಿನವರಿಗೆ ಮಂಡಳಿ ಇದನ್ನು 180 ದಿನಕ್ಕೆ ವಿಸ್ತರಿಸಬಹುದು. ಅದು ತಾನಾಗಿ ಸಿಗುವುದಿಲ್ಲ, ಲಿಖಿತವಾಗಿ ಕೇಳಬೇಕು. ನವೀಕರಣದ ಅರ್ಜಿಯಲ್ಲೇ ಕೇಳಿ.

ಅರ್ಜಿ ಫಾರ್ಮ್ 1, ಮಂಡಳಿಯ ಆನ್‌ಲೈನ್ ಪೋರ್ಟಲ್‌ನಲ್ಲಿ. ಚಾಲ್ತಿಯಲ್ಲಿರುವ ಸಿಎಫ್‌ಒ, ಹಳೆಯ ಆಥರೈಸೇಶನ್, ವಿಲೇವಾರಿ ಘಟಕದ ಜೊತೆಗಿನ ಒಪ್ಪಂದ, ಐದು ವರ್ಷದ ಫಾರ್ಮ್ 4, ದಾಸ್ತಾನು ಕೋಣೆಯ ನಕ್ಷೆ ಮತ್ತು ಫೋಟೋ ಸಿದ್ಧವಿರಲಿ. ನವೀಕರಣಕ್ಕೆ ವಿಶೇಷವಾಗಿ ಬೇಕಾದದ್ದು ನೀವೇ ದೃಢೀಕರಿಸಿದ ಪಾಲನಾ ವರದಿ. ‘ಎಲ್ಲ ಷರತ್ತು ಪಾಲಿಸಿದ್ದೇವೆ’ ಅಂತ ಒಂದು ಸಾಲು ಬರೆದರೆ ಅದು ವರದಿಯಾಗದು. ಹಳೆಯ ಆದೇಶದ ಷರತ್ತುಗಳನ್ನು ಒಂದೊಂದಾಗಿ ಬರೆದು, ಪಕ್ಕದಲ್ಲಿ ಏನು ಮಾಡಿದ್ದೀರಿ, ಯಾವ ದಾಖಲೆ ಅಂತ ನಮೂದಿಸಿ. ಪಾಲಿಸದಿದ್ದದ್ದನ್ನು ಹಾಗೆಯೇ ಒಪ್ಪಿಕೊಂಡು ಯಾವಾಗ ಸರಿಪಡಿಸುತ್ತೀರಿ ಎಂದು ತಾರೀಖು ಕೊಡಿ. ಸಿಎಫ್‌ಒ ಕೂಡ ಹತ್ತಿರದಲ್ಲೇ ಮುಗಿಯುವುದಿದ್ದರೆ ಅದನ್ನು ಮೊದಲು ಕೈಗೆತ್ತಿಕೊಳ್ಳಿ.

ಅವಧಿ ಮುಗಿದ ಮೇಲೂ ದಾಸ್ತಾನು ಇಟ್ಟುಕೊಂಡರೆ ಪರಿಸರ (ಸಂರಕ್ಷಣೆ) ಕಾಯ್ದೆಯಡಿ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಅರ್ಜಿ ಸ್ವೀಕೃತಿಯ ಪ್ರತಿ, ಪ್ರತಿ ಪತ್ರದ ಉತ್ತರ ಒಂದೇ ಕಡತದಲ್ಲಿರಲಿ.

ಹೊಸ ಆದೇಶ ಬಂದ ದಿನವೇ ವಿಳಾಸ, ವರ್ಗ ಸಂಖ್ಯೆ, ಪ್ರಮಾಣ ಮತ್ತು ಅದರ ಅಳತೆ ಓದಿ ನೋಡಿ. ಟನ್ ಇರಬೇಕಾದಲ್ಲಿ ಕೆಜಿ ಅಂತ ಬಿದ್ದಿದ್ದರೆ ಮೊದಲ ಲೋಡ್ ಕಳಿಸುವ ಮುಂಚೆಯೇ ತಿದ್ದುಪಡಿಗೆ ಬರೆಯಿರಿ.