ಇಷ್ಟು ಒರೆಸಿದರೂ ಐಸಿಯುನಲ್ಲಿ ಬ್ಯಾಕ್ಟೀರಿಯಾ ಉಳಿಯುವುದು ಹೇಗೆ?

ಪ್ರಶ್ನೆ: ನನ್ನ ಅತ್ತೆ ಮಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದಾಗ ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿತು. ಹೆಚ್ಚಿನ ಆಂಟಿಬಯೋಟಿಕ್ ನಾಟುವುದಿಲ್ಲ ಎಂದರು. ದಿನವೂ ಅಷ್ಟು ಸಲ ಒರೆಸುವ ಜಾಗದಲ್ಲಿ ಇದು ಹೇಗೆ ಬದುಕುತ್ತದೆ? ಈಗ ಅವರು ಮನೆಗೆ ಬಂದಿದ್ದಾರೆ. ಸಣ್ಣ ಮಕ್ಕಳಿದ್ದಾರೆ, ಭಯವಾಗುತ್ತದೆ.
– ಓದುಗರು, ಬದಿಯಡ್ಕ

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. ಮೊದಲು ಒಂದು ವಿಷಯ. ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಬ್ಲೀಚಿಂಗ್ ದ್ರಾವಣಕ್ಕೂ ಬಗ್ಗುವುದಿಲ್ಲ ಎಂದೇನಿಲ್ಲ. ಸರಿಯಾದ ಪ್ರಮಾಣದಲ್ಲಿ ಬೆರೆಸಿ, ಕೆಲವು ನಿಮಿಷ ಒದ್ದೆಯಾಗಿಯೇ ಬಿಟ್ಟರೆ ಸಾಯುತ್ತದೆ. ಹಚ್ಚಿದ ಕೂಡಲೇ ಒಣಬಟ್ಟೆಯಿಂದ ಒರೆಸಿದರೆ ಉಳಿಯುತ್ತದೆ.

ನೆಲ ಎಲ್ಲರ ಕಣ್ಣಿಗೂ ಬೀಳುತ್ತದೆ, ಒರೆಸುತ್ತಾರೆ. ಮಂಚದ ಕಂಬಿ, ಮಾನಿಟರಿನ ಗುಂಡಿ, ಡ್ರಿಪ್ ಸ್ಟ್ಯಾಂಡ್, ಪರದೆ? ಕೈ ಜಾಸ್ತಿ ತಾಗುವುದು ಅಲ್ಲೇ ಅಲ್ವಾ? ಅಸಿನೆಟೋಬ್ಯಾಕ್ಟರ್‌ಗೆ ಒಣ ಜಾಗದಲ್ಲೂ ತಾಳಿಕೊಳ್ಳುವ ಶಕ್ತಿಯಿದೆ. ಅದು ಸುಮಾರು 5 ತಿಂಗಳವರೆಗೂ ಬದುಕುಳಿದ ದಾಖಲೆಯಿದೆ.

ಸಿಂಕಿನ ಪೈಪು ಇನ್ನೊಂದು ಅಡಗುತಾಣ. ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಹಿಡಿಯುವ ಪಾಚಿಯಂತೆ ಒಳಗೆ ಲೋಳೆಯ ಪದರ ಕಟ್ಟುತ್ತದೆ. ಇದೇ ಬಯೋಫಿಲ್ಮ್. ಶುಚಿಗೊಳಿಸುವ ದ್ರಾವಣ ಇದರ ಒಳಗಿನವರೆಗೆ ಸರಿಯಾಗಿ ಇಳಿಯುವುದಿಲ್ಲ. ಒತ್ತೊತ್ತಾಗಿ ಕುಳಿತ ಬ್ಯಾಕ್ಟೀರಿಯಾಗಳು ಅಲ್ಲಿ ಆಂಟಿಬಯೋಟಿಕ್‌ಗೆ ಬಗ್ಗದ ಗುಣ ಕೊಡುವ ಜೀನ್‌ಗಳನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ, ಬೇರೆ ಜಾತಿಯವಕ್ಕೂ. ಹಾಗಾಗಿ ಉಳಿದ ಗಂಜಿ, ಚಹಾವನ್ನು ಕೈ ತೊಳೆಯುವ ಸಿಂಕಿಗೆ ದಯವಿಟ್ಟು ಸುರಿಯಬೇಡಿ. ಅದು ಆ ಪದರಕ್ಕೆ ಊಟ ಹಾಕಿದಂತೆ.

ಐಸಿಯುನಲ್ಲಿ ಆಂಟಿಬಯೋಟಿಕ್ ಬಳಕೆಯೂ ಜಾಸ್ತಿ. ಅದಕ್ಕೆ ಸಾಯುವವು ಸತ್ತು, ಸಾಯದವಕ್ಕೆ ಜಾಗ ಖಾಲಿಯಾಗುತ್ತದೆ. ಕಾರ್ಬಾಪೆನೆಮ್ ಎಂಬ ಪ್ರಬಲ ಔಷಧಿಗಳಿಗೂ ಬಗ್ಗದ ಅಸಿನೆಟೋಬ್ಯಾಕ್ಟರನ್ನು ವಿಶ್ವ ಆರೋಗ್ಯ ಸಂಸ್ಥೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ 2024ರ ಪಟ್ಟಿಯಲ್ಲೂ ಅತಿ ಗಂಭೀರ ಗುಂಪಿನಲ್ಲಿಟ್ಟಿದೆ.

ಇನ್ನು ಮನೆಯ ವಿಷಯ. ಆರೋಗ್ಯವಂತ ಮಕ್ಕಳಿಗೆ ಇದರಿಂದ ಕಾಯಿಲೆ ಬರುವುದು ತೀರಾ ಅಪರೂಪ. ಮೊಮ್ಮಕ್ಕಳನ್ನು ಅಜ್ಜಿಯಿಂದ ದೂರ ಇಡಬೇಡಿ. ಗಾಯದ ಬ್ಯಾಂಡೇಜು, ಮೂತ್ರದ ಚೀಲ ಮುಟ್ಟುವ ಮೊದಲೂ ಆಮೇಲೂ ಸೋಪಿನಿಂದ ಕೈ ತೊಳೆದುಕೊಳ್ಳಿ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿ ನಾಟುತ್ತದೆ ಎಂದು ತಿಳಿಸುವ ಕಲ್ಚರ್ ರಿಪೋರ್ಟನ್ನು ಜೋಪಾನವಾಗಿಡಿ. ನಮ್ಮ ಕಾಸರಗೋಡಿನವರು ಇವತ್ತು ಮಂಗಳೂರು, ನಾಳೆ ಪರಿಯಾರಂ ಎಂದು ಓಡಾಡುತ್ತೇವೆ. ಮುಂದೆ ಎಲ್ಲೇ ದಾಖಲಾದರೂ ಮೊದಲ ದಿನವೇ ಅದನ್ನು ತೋರಿಸಿ. ಆಗ ಪಕ್ಕದ ಮಂಚದವರನ್ನೂ ಕಾಪಾಡಲು ಆಸ್ಪತ್ರೆಯವರಿಗೆ ಸಮಯ ಸಿಗುತ್ತದೆ.