ಮಾರ್ಚ್ ತಿಂಗಳ ಆ ಒಂದು ವಾರ

ಪ್ರಶ್ನೆ: ನನ್ನ ಮಗಳು ಅಮೆರಿಕದ ಒಹಾಯೊ ರಾಜ್ಯದಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾಳೆ. ವಯಸ್ಸು 20. ಮಾರ್ಚ್‌ನಲ್ಲಿ ಅವರಿಗೆ ಒಂದು ವಾರ ‘ಸ್ಪ್ರಿಂಗ್ ಬ್ರೇಕ್’ ರಜೆಯಂತೆ. ಗೆಳತಿಯರು ಮೆಕ್ಸಿಕೊದ ಕ್ಯಾನ್‌ಕೂನ್ ಕಡಲತೀರಕ್ಕೆ ಹೊರಟಿದ್ದಾರೆ, ತಾನೂ ಹೋಗುತ್ತೇನೆ ಎನ್ನುತ್ತಾಳೆ. ‘ಹಾಸ್ಟೆಲಿನಲ್ಲೇ ಇದ್ದು ಓದಿಕೊಳ್ಳಲಿ’ ಎಂದು ನಮ್ಮ ಮನೆಯವರ ಹಟ. ನಾನು ಏನು ಹೇಳಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ತಾಯಿ, ಹಾಸ್ಟೆಲಿನಲ್ಲೇ ಇರಲಿ ಎಂಬ ಮಾತನ್ನು ಮೊದಲು ಬಿಡಿಸಿ. ನಾನೂ ಅದೇ ರಾಜ್ಯದಲ್ಲಿ ಓದಿದವಳು. ಮೊದಲ ವರ್ಷದ ಆ ರಜೆಯನ್ನು ದುಡ್ಡು ಉಳಿಸಲೆಂದು ಕೋಣೆಯಲ್ಲೇ ಕಳೆದೆ. ಮೆಸ್ ಮುಚ್ಚಿತ್ತು, ಕಾಲೇಜಿನ ಬಸ್ ನಿಂತಿತ್ತು, ಇಡೀ ಮಹಡಿಯಲ್ಲಿ ನನ್ನ ಕೋಣೆಯೊಂದರಲ್ಲೇ ದೀಪ. ಊರಿನಿಂದ ಒಯ್ದಿದ್ದ ಅವಲಕ್ಕಿಯನ್ನು ನಲ್ಲಿಯ ಬಿಸಿನೀರಿನಲ್ಲಿ ನೆನೆಸಿ ಉಪ್ಪಿನಕಾಯಿ ಕಲಸಿಕೊಂಡು ತಿಂದೆ. ಐದನೆಯ ದಿನ ಅಂಗಡಿಯಾಕೆ ಏನೋ ಕೇಳಿದರೆ ನನ್ನ ಗಂಟಲಿನಿಂದ ದನಿಯೇ ಹೊರಡಲಿಲ್ಲ. ನಾಲ್ಕು ದಿನ ಯಾರೊಡನೆಯೂ ಮಾತಾಡಿರಲಿಲ್ಲ. ಓದಿದ್ದು ಒಂದೂವರೆ ಅಧ್ಯಾಯ.

ಜನವರಿಯಿಂದ ಮೇ ತನಕದ ಸೆಮಿಸ್ಟರಿನ ನಡುವೆ ಬರುವ ಬಿಡುವು ಅದು. ಒಹಾಯೊದಲ್ಲಿ ಮಾರ್ಚ್ ಎಂದರೆ ಇನ್ನೂ ಚಳಿಯೇ. ತಿಂಗಳುಗಟ್ಟಲೆ ಕೋಟು ಹೊದ್ದ ಮಕ್ಕಳು ಬಿಸಿಲು ಹುಡುಕಿಕೊಂಡು ದಕ್ಷಿಣಕ್ಕೆ ಓಡುತ್ತಾರೆ. 1930ರ ದಶಕದಲ್ಲಿ ಕಾಲೇಜು ಈಜುಗಾರರು ಅಭ್ಯಾಸಕ್ಕೆಂದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ಗೆ ಹೋಗತೊಡಗಿದ್ದರಿಂದ ಬೆಳೆದ ರೂಢಿ ಇದು. ಕ್ಯಾನ್‌ಕೂನ್‌ನ ಸೆಳೆತಕ್ಕೆ ಬಿಸಿಲಿನ ಜೊತೆ ಇನ್ನೊಂದು ಕಾರಣವೂ ಇದೆ, ಮುಚ್ಚಿಡುವುದಿಲ್ಲ: ಅಮೆರಿಕದಲ್ಲಿ ಮದ್ಯ ಕೊಳ್ಳಲು 21 ತುಂಬಬೇಕು, ಮೆಕ್ಸಿಕೊದಲ್ಲಿ 18 ಸಾಕು. ಹೋದವರೆಲ್ಲ ಕುಡಿಯುತ್ತಾರೆ ಎಂದಲ್ಲ. ಆದರೆ ಈ ಮಾತನ್ನು ಮಗಳೊಡನೆ ಗದರಿಕೆಯಿಲ್ಲದೆ ನೇರವಾಗಿ ಆಡಿ.

ಎರಡನೇ ವರ್ಷ ನಾನು ಬೇರೆ ದಾರಿ ಹಿಡಿದೆ. ಬಡ ಕುಟುಂಬಗಳಿಗೆ ಮನೆ ಕಟ್ಟುವ ‘ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ’ ಸಂಸ್ಥೆ 1989ರಿಂದ ಕಾಲೇಜು ಮಕ್ಕಳನ್ನು ರಜೆಯಲ್ಲಿ ಕೆಲಸಕ್ಕೆ ಕರೆದೊಯ್ಯುತ್ತಿತ್ತು. ನಾವು ಹನ್ನೊಂದು ಮಂದಿ ವ್ಯಾನಿನಲ್ಲಿ ಕೆಂಟಕಿಗೆ ಹೋದೆವು. ಮಲಗಿದ್ದು ಚರ್ಚಿನ ನೆಲದ ಮೇಲೆ. ಆ ಮನೆಗೆ ಬರಲಿದ್ದ ಹೆಂಗಸೂ ದಿನವಿಡೀ ನಮ್ಮೊಡನೆ ದುಡಿಯುತ್ತಿದ್ದರು. ಮನೆ ಪಡೆಯುವವರು ಹೀಗೆ ಮೈಮುರಿದು ದುಡಿಯಬೇಕೆಂಬುದು ಸಂಸ್ಥೆಯ ನಿಯಮ. ನಾನು ಸುತ್ತಿಗೆಯನ್ನು ಅದರ ತಲೆಯ ಹತ್ತಿರ ಹಿಡಿದು ಮೊಳೆಯನ್ನು ಕುಕ್ಕುತ್ತಿದ್ದೆ. ಆಕೆ ನನ್ನ ಮುಷ್ಟಿಯನ್ನು ಹಿಡಿಯ ತುದಿಗೆ ಜಾರಿಸಿ, ‘ಭಾರವನ್ನು ಸುತ್ತಿಗೆಗೇ ಬಿಡು’ ಎಂದರು. ಮೂರೇ ಏಟಿಗೆ ಮೊಳೆ ಹಲಗೆಯೊಳಗೆ ಇಳಿಯಿತು. ಆಮೇಲೆ ಅದು ತನ್ನ ಮಗನ ಮಲಗುವ ಕೋಣೆಯ ಗೋಡೆ ಎಂದು ಹೇಳಿದರು. ಆ ವ್ಯಾನಿನಲ್ಲಿ ಸಿಕ್ಕ ಇಬ್ಬರು ಗೆಳತಿಯರು ಇಂದಿಗೂ ಯುಗಾದಿಗೆ ನನಗೆ ಫೋನ್ ಮಾಡುತ್ತಾರೆ.

ಇಂಥ ಸೇವಾ ಪ್ರವಾಸಗಳನ್ನು ಅಲ್ಲಿ ಅನೇಕ ಕಾಲೇಜುಗಳು ತಾವೇ ಏರ್ಪಡಿಸುತ್ತವೆ. ಮಗಳ ಕಾಲೇಜಿನಲ್ಲೂ ಇದೆಯೇ ಎಂದು ಅವಳೇ ವಿಚಾರಿಸಲಿ. ಆದರೆ ಕಡಲು ನೋಡುವ ಆಸೆಯ ಹುಡುಗಿಯನ್ನು ಬಲವಂತದಿಂದ ಗೋಡೆ ಕಟ್ಟಲು ಕಳಿಸಬೇಡಿ. ಕ್ಯಾನ್‌ಕೂನ್‌ಗೇ ಹೋಗುವುದಾದರೆ ಅದು ಗಡಿ ದಾಟುವ ಪ್ರಯಾಣ. ಅಮೆರಿಕದ ವೀಸಾ ಅವಧಿ ಉಳಿದಿರಬೇಕು, ವಿದ್ಯಾರ್ಥಿ ವೀಸಾಕ್ಕೆಂದು ಕಾಲೇಜು ಕೊಟ್ಟಿರುವ ಐ–20 ಪತ್ರದ ಮೇಲೆ ಪ್ರಯಾಣಕ್ಕಾಗಿ ಕಾಲೇಜು ಹಾಕಿದ ಸಹಿಗೆ ಒಂದು ವರ್ಷ ದಾಟಿರಬಾರದು. ಟಿಕೆಟ್ ಕೊಳ್ಳುವ ಮೊದಲೇ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ತೋರಿಸಿಕೊಂಡು ಬರಲಿ. ವಾಪಸು ಬರುವಾಗ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ನೀವು ದಾವಣಗೆರೆಯಲ್ಲಿ ಕುಳಿತು ಏನೂ ಮಾಡಲಾರಿರಿ.

ಮನೆಯವರಿಗೆ ಖರ್ಚಿನದೇ ಚಿಂತೆಯಾದರೆ, ರಜೆಯಲ್ಲಿ ಕ್ಯಾಂಪಸ್ ಒಳಗಿನ ಕೆಲಸವನ್ನು ವಾರಕ್ಕೆ 20 ಗಂಟೆಗಿಂತ ಹೆಚ್ಚು ಮಾಡಲು ಅವಕಾಶವಿದೆ. ಅದನ್ನೂ ಅದೇ ಕಚೇರಿಯಲ್ಲಿ ಕೇಳಿಕೊಳ್ಳಲಿ. ನೀವು ಮಾತ್ರ ಈ ಭಾನುವಾರ ಫೋನ್ ಮಾಡಿದಾಗ, ಅವಳು ಕಾಯಿಲೆ ಬಿದ್ದರೆ ಹೊರಟಿರುವ ಗೆಳತಿಯರಲ್ಲಿ ರಾತ್ರಿ ಪಕ್ಕದಲ್ಲಿ ಕೂರುವವರು ಯಾರು ಎಂದು ಕೇಳಿ. ಹೆಸರು ಥಟ್ಟನೆ ಬಾಯಿಗೆ ಬಂದರೆ ಕಳಿಸಿಕೊಡಿ.