ಬೆಲ್ ಹೊಡೆದ್ಮೇಲೆ: ಮಿಸ್ ಹತ್ರ ಕೇಳಿ

ಪ್ರಶ್ನೆ: ಮಿಸ್, ನನ್ನ ಮಗ ಎರಡನೇ ಕ್ಲಾಸು, ಏಳು ವರ್ಷ. ಒಂದ್ ಕಡೆ ಕೂರಲ್ಲ, ನೋಟ್ಸ್ ಅರ್ಧಂಬರ್ಧ ಬರ್ಕೊಂಡ್ ಬರ್ತಾನೆ. ಅದಕ್ಕೆ ಅವರ ಟೀಚರ್ ಆಟದ ಪೀರಿಯಡ್‌ನಲ್ಲಿ ಕ್ಲಾಸಲ್ಲೇ ಕೂರ್ಸಿ ಬರೆಸ್ತಾರೆ, ಈ ತಿಂಗಳು ಅವನು ಗ್ರೌಂಡಿಗೆ ಇಳಿದಿದ್ದೇ ಮೂರೋ ನಾಕೋ ಸಲ. ಗೇಟಲ್ಲಿ ಮಾತ್ರ ‘ಆರೋಗ್ಯವೇ ಭಾಗ್ಯ’ ಅಂತ ದೊಡ್ಡ ಬೋರ್ಡು! ಹೋಗಿ ಕೇಳಿದ್ರೆ ಮಗು ಮೇಲೆ ಸಿಟ್ಟು ತೀರಿಸ್ಕೋತಾರೇನೋ ಅಂತ ಭಯ.
(ಒಬ್ಬ ತಾಯಿ)

ಉತ್ತರ: ಮೊದಲು ನನ್ನ ತಪ್ಪು ಒಪ್ಕೊಂಡ್ಬಿಡ್ತೀನಿ ಅಮ್ಮ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ನಾನೂ ಇದನ್ನೇ ಮಾಡ್ತಿದ್ದೆ, ಬರೀದೇ ಇದ್ದೋರೆಲ್ಲ ಒಳಗೇ ಇರಿ ಅಂತ. ಆಮೇಲೆ ಗಮನಿಸಿದ್ರೆ ಪ್ರತಿ ವಾರ ಒಳಗೆ ಉಳೀತಿದ್ದೋರು ಅದೇ ನಾಕು ಮಕ್ಕಳು, ಮಧ್ಯಾಹ್ನದ ಮೇಲೆ ಕ್ಲಾಸಲ್ಲಿ ಗಲಾಟೆ ಜಾಸ್ತಿ ಮಾಡ್ತಿದ್ದೋರೂ ಅವರೇ. ಓಡಾಟ ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕಿತ್ತೋ ಅವರ ಆಟಾನೇ ಕಿತ್ಕೊಂಡು ಕೂತಿದ್ದೆ ನಾನು.

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 5ರಿಂದ 17 ವರ್ಷದೋರಿಗೆ ದಿನಕ್ಕೆ ಸರಾಸರಿ 60 ನಿಮಿಷನಾದ್ರೂ, ಉಸಿರಾಟ ಜೋರಾಗೋ ಥರದ ಓಡಾಟ ಬೇಕು ಅಂತ. ಮನೆಗೆ ಬಂದು ಹೋಮ್‌ವರ್ಕು, ಟಿವಿ, ಮೊಬೈಲು ಅಂತ ಹೋದ್ರೆ ಈ ಗಂಟೆ ಎಲ್ಲಿಂದ ತರ್ತೀರ, ಸ್ಕೂಲಲ್ಲಿ ಸಿಗೋದೇ ಎಷ್ಟೋ ಮಕ್ಕಳಿಗೆ ಇರೋದು. ಅಮೆರಿಕದ ಮಕ್ಕಳ ಡಾಕ್ಟ್ರುಗಳ ಅಕಾಡೆಮಿ 2013ರಲ್ಲೇ ಸ್ಪಷ್ಟವಾಗಿ ಹೇಳಿದೆ, ಆಟದ ಬಿಡುವನ್ನ ಶಿಕ್ಷೆಗಾಗಲೀ ಪಾಠಕ್ಕಾಗಲೀ ಕಸೀಬಾರ್ದು ಅಂತ. ಯಾಕಂದ್ರೆ ಬಿಡುವು ಆದ್ಮೇಲೆ ಮಕ್ಕಳ ಗಮನ ವಾಪಸ್ ಬರತ್ತೆ, ಜಗಳ ಆಡಿ ರಾಜಿ ಆಗೋದನ್ನೂ ಅಲ್ಲೇ ಕಲಿಯೋದು. ಇನ್ನೊಂದಿದೆ, ಕಣ್ಣು. ಹೊರಗಿನ ಬೆಳಕಲ್ಲಿ ಜಾಸ್ತಿ ಹೊತ್ತು ಇರೋ ಮಕ್ಕಳಿಗೆ ದೂರದ್ದು ಮಂಜಾಗೋ ದೃಷ್ಟಿದೋಷ ಶುರುವಾಗೋದು ಕಮ್ಮಿ, ಅದಕ್ಕೇ ತೈವಾನ್‌ನಲ್ಲಿ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರ್ಲಿ ಅಂತ 2010ರಿಂದ ಸ್ಕೂಲುಗಳಲ್ಲೇ ಕಾರ್ಯಕ್ರಮ ಮಾಡಿದ್ರು.

ಹೋಗಿ ಕೇಳಿ, ಆದ್ರೆ ಬೋರ್ಡಿನ ಮಾತು ಎತ್ತಬೇಡಿ, ಅದು ಕುಟುಕಿದ ಹಾಗಾಗತ್ತೆ. “ಮೇಡಂ, ನೋಟ್ಸ್ ನಾನು ಮನೇಲಿ ಕೂರ್ಸಿ ಬರೆಸ್ತೀನಿ, ಆಟ ಮಾತ್ರ ತಪ್ಪಿಸಬೇಡಿ, ಹದಿನೈದು ದಿನ ಹೀಗೆ ಮಾಡಿ ನೋಡೋಣ” ಅನ್ನಿ. ಕ್ಲಾಸಲ್ಲಿ ಡಸ್ಟರ್ ತರೋದು, ಬುಕ್ ಹಂಚೋದು ಅಂತ ಎದ್ದು ಓಡಾಡೋ ಕೆಲಸ ಇವನಿಗೇ ಕೊಡೋಕೆ ಕೇಳ್ಕೊಳ್ಳಿ. ಹಾಗೇ ರಾತ್ರಿ ಎಷ್ಟೊತ್ತಿಗೆ ಮಲಗ್ತಾನೆ ಅಂತ ನೀವೂ ಒಂದ್ಸಲ ಲೆಕ್ಕ ಹಾಕಿ, 6ರಿಂದ 12 ವರ್ಷದೋರಿಗೆ 9ರಿಂದ 12 ಗಂಟೆ ನಿದ್ದೆ ಬೇಕು, ನಿದ್ದೆಗೆಟ್ಟ ದೊಡ್ಡೋರು ತೂಕಡಿಸ್ತಾರೆ, ಮಕ್ಕಳು ಎಷ್ಟೋ ಸಲ ಕುಣಿದಾಡ್ತಾರೆ. ಇಷ್ಟೆಲ್ಲ ಮಾಡಿದ್ರೂ ಮನೆ, ಸ್ಕೂಲು ಎರಡೂ ಕಡೆ ತಿಂಗಳುಗಟ್ಟಲೆ ಹೀಗೇ ಇದ್ರೆ ಮಕ್ಕಳ ಡಾಕ್ಟ್ರಿಗೆ ತೋರಿಸಿ.

ಪ್ರಶ್ನೆ: ನಾನು ಮೂರನೇ ಕ್ಲಾಸಿನ ಟೀಚರ್. ಒಬ್ಳು ಹುಡುಗಿ ಬಾಯಲ್ಲಿ ಕೇಳಿದ್ರೆ ಪಟಪಟ ಉತ್ತರ ಹೇಳ್ತಾಳೆ, ಓದು ಅಂದ್ರೆ ತಡವರಿಸ್ತಾಳೆ, ಅಕ್ಷರ ಬಿಟ್ಟು ಬಿಟ್ಟು ಊಹೆ ಮಾಡಿ ಓದ್ತಾಳೆ. ಅವಳಿಂದ ಪಾಠ ನಿಧಾನ ಆಗತ್ತೆ ಅಂತ ಬೇರೆ ಪೇರೆಂಟ್ಸ್ ಕಂಪ್ಲೇಂಟ್. ಬೇರೆ ರೂಮಲ್ಲಿ ಕೂರಿಸೋಣ್ವಾ ಅಂತಿದ್ದಾರೆ ಹೆಡ್‌ಮಿಸ್.

ಉತ್ತರ: ಬೇರೆ ರೂಮು ಬೇಡ. ಮೊದಲು ಕಣ್ಣು, ಕಿವಿ ಎರಡೂ ಟೆಸ್ಟ್ ಮಾಡಿಸೋಕೆ ಹೇಳಿ, ಕನ್ನಡಕ ಬೇಕಿದ್ದ ಮಗೂನ ದಡ್ಡಿ ಅಂದ್ಕೊಂಡಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಅದೆಲ್ಲ ಸರಿ ಇದ್ರೆ ಡಿಸ್ಲೆಕ್ಸಿಯಾ ಇರಬಹುದು, ಅದನ್ನ ಹೇಳಬೇಕಾದೋರು ತಜ್ಞರು, ನಾನೂ ಅಲ್ಲ ನೀವೂ ಅಲ್ಲ. ಇದು ಕಣ್ಣಿಗೆ ಅಕ್ಷರ ತಿರುಗಾಮುರುಗಾ ಕಾಣೋ ಕಾಯಿಲೆ ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ, ಹಾಗಲ್ಲ. ಹೆಚ್ಚಿನ ಮಕ್ಕಳಲ್ಲಿ ತೊಡಕು ಇರೋದು ಮಾತಿನ ಸದ್ದನ್ನ ಬಿಡಿಸಿ ಅಕ್ಷರಕ್ಕೆ ಜೋಡಿಸೋದ್ರಲ್ಲಿ, ಬುದ್ಧಿಗೂ ಅದಕ್ಕೂ ಸಂಬಂಧ ಇಲ್ಲ. ಸೋಮಾರಿತನಕ್ಕಂತೂ ಇಲ್ವೇ ಇಲ್ಲ, ಆ ಮಗು ಒಂದು ಪುಟಕ್ಕೆ ಪಡೋ ಪಾಡು ಪಕ್ಕದೋಳು ಹತ್ತು ಪುಟಕ್ಕೂ ಪಡಲ್ಲ.

ತಜ್ಞರ ರಿಪೋರ್ಟ್ ಬರೋವರ್ಗೂ ಕಾಯಬೇಡಿ, ನಾಳೆಯಿಂದ್ಲೇ ಶುರು ಮಾಡಿ. ಎಲ್ಲರ ಮುಂದೆ ದಿಢೀರ್ ಅಂತ ಎಬ್ಬಿಸಿ ಓದಿಸೋದು ನಿಲ್ಲಿಸಿ, ಓದಿಸ್ಲೇಬೇಕಂದ್ರೆ ಆ ಪ್ಯಾರಾ ಹಿಂದಿನ ದಿನಾನೇ ಹೇಳಿರಿ, ತಯಾರಾಗಿ ಬರ್ಲಿ. ಬೋರ್ಡ್ ಮೇಲೆ ಬರೆದಿದ್ದನ್ನ ಬಾಯಲ್ಲೂ ಹೇಳಿ. ವಿಜ್ಞಾನ ಬಂದಿದ್ಯಾ ಅಂತ ನೋಡೋ ಟೆಸ್ಟಲ್ಲಿ ಅವಳ ಓದೋ ಸ್ಪೀಡ್ ಯಾಕೆ ಅಳೀಬೇಕು, ಪ್ರಶ್ನೆ ನೀವೇ ಓದಿ ಹೇಳಿ, ಟೈಮ್ ಜಾಸ್ತಿ ಕೊಡಿ. ಮತ್ತೆ ದಿನಾ ಹದಿನೈದಿಪ್ಪತ್ತು ನಿಮಿಷ ಸದ್ದು, ಅಕ್ಷರ ಜೋಡಿಸೋ ಅಭ್ಯಾಸ, ಇವಳೊಬ್ಳಿಗೇ ಅಲ್ಲ, ಇಂಥೋರು ಇನ್ನೂ ಮೂರ್ನಾಲ್ಕು ಮಕ್ಕಳು ಇದ್ದೇ ಇರ್ತಾರೆ, ಎಲ್ಲರನ್ನೂ ಒಟ್ಟಿಗೆ ಕೂರಿಸ್ಕೊಳ್ಳಿ. ಆಟದ ಪೀರಿಯಡ್‌ನಲ್ಲಿ ಮಾತ್ರ ಬೇಡ, ಮೇಲಿನ ಉತ್ತರ ಓದಿದ್ರಲ್ಲ!

ಹೆಡ್‌ಮಿಸ್‌ಗೆ ಹೇಳೋಕೆ ಆಧಾರ ಬೇಕಾದ್ರೆ, 1994ರಲ್ಲಿ ಸ್ಪೇನ್‌ನ ಸಲಮಾಂಕಾದಲ್ಲಿ 92 ಸರ್ಕಾರಗಳು ಸೇರಿ ಮಕ್ಕಳೆಲ್ಲ ಸಾಮಾನ್ಯ ಶಾಲೇಲೇ ಕಲೀಬೇಕು, ಶಾಲೆ ಮಗುಗೆ ಹೊಂದ್ಕೋಬೇಕು ಅಂತ ಒಪ್ಪಿದ್ವು. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದದ 24ನೇ ವಿಧಿಯಲ್ಲೂ ಇದೇ ಇದೆ. ಪೇರೆಂಟ್ಸ್ ಜೊತೆ ಮಾತಾಡುವಾಗ ಆ ಹುಡುಗಿ ಹೆಸರೇ ಎತ್ತಬೇಡಿ. ಬಾಯಲ್ಲೂ ಹೇಳಿ ಬೋರ್ಡಲ್ಲೂ ಬರೆದ್ರೆ ಅವರ ಮಕ್ಕಳಿಗೂ ಪಾಠ ಚೆನ್ನಾಗೇ ಹತ್ತತ್ತೆ, ಎರಡು ತಿಂಗಳಲ್ಲಿ ಅವರಿಗೇ ಗೊತ್ತಾಗತ್ತೆ.

ಪ್ರಶ್ನೆ: ಮೊಮ್ಮಗಳಿಗೆ ಸೋಮವಾರ ಬಂದ್ರೆ ಹೊಟ್ಟೆನೋವು. ಸ್ಕೂಲಿನೋರು ಕೌನ್ಸೆಲರ್ ಹತ್ರ ಕಳಿಸ್ತೀವಿ ಅಂತಾರೆ. ನಮ್ಮ ಮಗುಗೇನು ಹುಚ್ಚಾ?
(ಒಬ್ಬ ತಾತ)

ಉತ್ತರ: ಅಯ್ಯೋ, ಇಲ್ಲ ಯಜಮಾನ್ರೇ. ಡಾಕ್ಟ್ರಿಗೆ ತೋರಿಸಿ, ಹೊಟ್ಟೇಲಿ ಏನೂ ಇಲ್ಲ ಅಂದ್ರೂ ಮಗು ನಾಟಕ ಆಡ್ತಿದೆ ಅಂದ್ಕೋಬೇಡಿ, ಹೆದರಿಕೆ ಮಕ್ಕಳಿಗೆ ಹೊಟ್ಟೇಲೇ ನೋವಾಗಿ ಬರತ್ತೆ, ನೋವು ನಿಜಾನೇ. ಯಾರೋ ಗೋಳು ಹುಯ್ಕೋತಿರಬಹುದು, ಜೊತೆಗಾರ್ತಿ ಮಾತು ಬಿಟ್ಟಿರಬಹುದು. ಕೌನ್ಸೆಲರ್ ಕೆಲಸ ಅದನ್ನ ಕೇಳಿಸ್ಕೊಳ್ಳೋದು. ಕಳಿಸಿ.

ಪ್ರಶ್ನೆ: ಮಿಸ್, ನಾನು ಐದನೇ ಕ್ಲಾಸು. ನಂಗೆ ಆಸ್ತಮಾ ಇದೆ, ಅದಕ್ಕೆ ಯಾವಾಗ್ಲೂ ಸ್ಕೋರ್ ಬರೆಯೋಕೆ ಕೂರಿಸ್ತಾರೆ. ನಂಗೆ ಓಡ್ಬೇಕು.

ಉತ್ತರ: ಓಡು ಪುಟ್ಟಿ! ಆಸ್ತಮಾ ಹತೋಟೀಲಿದ್ರೆ ಓಡಬಹುದು, ಆಸ್ತಮಾ ಇರೋರು ಒಲಿಂಪಿಕ್ಸಲ್ಲೂ ಓಡ್ತಾರೆ. ಅಮ್ಮನ ಜೊತೆ ಡಾಕ್ಟ್ರ ಹತ್ರ ಹೋಗಿ ಮೂರು ವಿಷಯ ಒಂದು ಚೀಟೀಲಿ ಬರೆಸ್ಕೊಂಡು ಬಾ: ಆಟಕ್ಕೆ ಮುಂಚೆ ಇನ್‌ಹೇಲರ್ ಬೇಕಾ, ಎದೆ ಬಿಗಿದ್ರೆ ಎಷ್ಟು ಪಫ್, ಯಾವಾಗ ಆಸ್ಪತ್ರೆಗೆ ಓಡಬೇಕು. ಆ ಚೀಟಿಯ ಒಂದು ಕಾಪಿ ಪಿ.ಟಿ. ಸರ್‌ಗೆ. ಇನ್‌ಹೇಲರ್ ಆಫೀಸ್ ಬೀರುವಲ್ಲಿ ಬೀಗ ಹಾಕಿ ಇಟ್ರೆ ಪ್ರಯೋಜನ ಇಲ್ಲ, ನೀನಿರೋ ಜಾಗದಲ್ಲೇ ಇರಬೇಕು, ಇದನ್ನ ಅಮ್ಮ ಬಂದು ಹೇಳ್ಲಿ. ಶುರೂಲೇ ಜೋರಾಗಿ ಓಡ್ಬೇಡ, ಒಂದು ಹತ್ತು ನಿಮಿಷ ನಿಧಾನಕ್ಕೆ ಮೈ ಬಿಸಿ ಮಾಡ್ಕೋ. ನೆಗಡಿ ಕೆಮ್ಮು ಇದ್ದ ದಿನ ಮಾತ್ರ ಸ್ಕೋರ್ ಬರಿ, ಮಿಕ್ಕ ದಿನ ಆ ಪೆನ್ನು ಬೇರೆಯೋರಿಗೆ ಕೊಡು.